ಎಂಟನೆಯ ಗಾಡಿ

ಮಧ್ಯಾಹ್ನದವರೆಗೆ ಅಪ್ಪ ಸಾಯಬಾರದು, ಆಮೇಲೆ ಅವನಿಷ್ಟ. ಮದುಮಗಳ ಕಾರಿನ ಮುಂದಿನ ಸೀಟಿನಲ್ಲಿ ಎದೆಗೆ ಕೆಂಪು ರೇಷ್ಮೆಯ ಹೂವು ಚುಚ್ಚಿಕೊಂಡು, ತೊಡೆಯ ಮೇಲೆ ಕೆಂಪು ಕೊಡೆಯನ್ನು ಅಡ್ಡಲಾಗಿ ಇಟ್ಟುಕೊಂಡು ಕೂತಿದ್ದ ಯೂಶಿಯಾನಳ ತಲೆಯಲ್ಲಿ ಬೆಳಗಿನಿಂದ ಇದೊಂದೇ ಮಾತು ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಹೊರಗೆ ದಾಲಿಯಾನ್ ಊರು ಇದ್ದೂ ಇಲ್ಲದ ಹಾಗಿತ್ತು. ಕಡಲಿನಿಂದ ಎದ್ದ ಮಂಜು ಬೀದಿಗಳಿಗೆ ನುಗ್ಗಿ ದೀಪದ ಕಂಬಗಳ ಅರ್ಧ ಮೈಯನ್ನು ನುಂಗಿಬಿಟ್ಟಿತ್ತು. ಹಿಂದಿನ ಸೀಟಿನಲ್ಲಿ ಮದುಮಗಳು ಜಿಂಗ್ಯಾ ತನ್ನ ಬಿಳಿ ಲಂಗದ ರಾಶಿಯ ನಡುವೆ ಕೂತು, 'ಇಷ್ಟೆಲ್ಲ ಮಾಡಿ ಈ ಹೊಗೆ ನೋಡೋಕೆ ಬಂದ್ವಾ?' ಎಂದು ಪಕ್ಕದ ಮದುಮಗನ ಮೇಲೆ ರೇಗುತ್ತಿದ್ದಳು. ಕನ್ನಡಿಯಲ್ಲಿ ಅವಳ ಕಣ್ಣು ಸಿಕ್ಕಾಗಲೆಲ್ಲ ಯೂಶಿಯಾನ್ ನಕ್ಕಳು. ನಗುವುದೇ ಅವಳ ಇವತ್ತಿನ ಕೆಲಸ. ನಸುಕಿನಲ್ಲಿ ತಮ್ಮ ದೆಲಿನ್ ಆಸ್ಪತ್ರೆಯಿಂದ ಫೋನು ಮಾಡಿದಾಗ ಅವಳು ಬಚ್ಚಲಲ್ಲಿ ನಿಂತು ಇದೇ ನಗುವನ್ನು ಕನ್ನಡಿಯಲ್ಲಿ ತಿದ್ದಿಕೊಳ್ಳುತ್ತಿದ್ದಳು. 'ಅಕ್ಕಾ, ಅಪ್ಪಂಗೆ ಉಸಿರು ಸಿಗ್ತಿಲ್ಲ. ನಿನ್ನ ಹೆಸರು ಹಿಡಿದು ಕರೀತಿದಾನೆ. ಈಗ್ಲೇ ಹೊರಟು ಬಾ' ಎಂದಿದ್ದ. 'ಮಧ್ಯಾಹ್ನ ಆಗ್ತಿದ್ದ ಹಾಗೇ ಬರ್ತೀನಿ ಕಣೋ. ಅಲ್ಲೀತನಕ ಸ್ವಲ್ಪ ತಡಿ ಅಂತ ಹೇಳು' ಎಂದಳು. 'ಯಾರಿಗೆ ಹೇಳ್ಲಿ? ಅಪ್ಪನಿಗೋ, ಯಮನಿಗೋ?' ಎಂದ ಅವನ ದನಿಯಲ್ಲಿದ್ದದ್ದು ಅಳುವೋ ಸಿಟ್ಟೋ ಎಂದು ತಿಳಿಯುವ ಗೋಜಿಗೆ ಅವಳು ಹೋಗಲಿಲ್ಲ. ಫೋನನ್ನು ಆರಿಸಿ, ಮದುಮಕ್ಕಳ ಹಾಸಿಗೆಯ ಮೇಲೆ ಚೆಲ್ಲಬೇಕಾದ ಒಣ ಎಲಚಿಹಣ್ಣಿನ ಚೀಲದ ತಳಕ್ಕೆ ತುರುಕಿದಳು. ತನಗೆ ಗೊತ್ತಾಗುವವರೆಗೆ ಅಪ್ಪ ಇದ್ದಾನೆ ಎಂದೇ ಲೆಕ್ಕ. ಗಂಡ ಚಾಂಗ್‌ಶುನ್‌ಗೂ ಹೇಳಲಿಲ್ಲ. ಅವನು ಹೊರಗೆ ನಿಂತು ವ್ಯಾನಿಗೆ ಕೆಂಪು ಪಟ್ಟಿ ಕಟ್ಟುತ್ತಿದ್ದ.

ತುಂಬುಭಾಗ್ಯದವಳು ಸಿಗುವುದು ಈಗ ಸುಲಭವಲ್ಲ. ತವರಿನ ಅಪ್ಪ ಅಮ್ಮ, ಗಂಡನ ಅಪ್ಪ ಅಮ್ಮ, ಗಂಡ, ಒಬ್ಬ ಮಗ, ಒಬ್ಬಳು ಮಗಳು, ಇಷ್ಟೂ ಜನ ಬದುಕಿರುವ ಹೆಂಗಸೇ ಮದುಮಗಳ ತಲೆ ಬಾಚಬೇಕು, ಕೊಡೆ ಹಿಡಿಯಬೇಕು, ಮೊದಲ ಗಾಡಿಯಲ್ಲಿ ಜೊತೆಗೆ ಬರಬೇಕು, ಕೊನೆಗೆ ಹೊಸ ಹಾಸಿಗೆ ಹಾಸಬೇಕು. ಮನೆಗೊಂದೇ ಮಗು ಎಂದು ಸರ್ಕಾರ ಹೇಳಿ ಒಂದು ತಲೆಮಾರೇ ಕಳೆದ ಊರಿನಲ್ಲಿ ಮಗನೂ ಮಗಳೂ ಇರುವವಳನ್ನು ಎಲ್ಲಿಂದ ತರುವುದು? ಮದುಮಗನ ಸೋದರತ್ತೆ ಬಾವ್‌ಛಿನ್, ಕಡಲಸೌತೆ ಎಂಬ ಮೆತ್ತನೆಯ ಕಡಲಪ್ರಾಣಿಗಳ ಹೊಟ್ಟೆ ಸೀಳಿ ಬೇಯಿಸಿ ಒಣಗಿಸುವ ಶೆಡ್ಡುಗಳ ಯಜಮಾನಿ, ತನ್ನ ಬಳಗವನ್ನೆಲ್ಲ ಜಾಲಾಡಿದಳಂತೆ. ಒಬ್ಬಳನ್ನು ಗಂಡ ಬಿಟ್ಟುಹೋಗಿದ್ದ, ಒಬ್ಬಳಿಗೆ ಅತ್ತೆ ತೀರಿಹೋಗಿದ್ದಳು, ಉಳಿದವರಿಗೆಲ್ಲ ಒಂದೊಂದೇ ಮಗು. ಕೊನೆಗೆ ಯಾರೋ ಅವಳದೇ ಶೆಡ್ಡಿನ ಮೂಲೆಯಲ್ಲಿ ವರ್ಷಗಟ್ಟಲೆಯಿಂದ ಕಡಲಸೌತೆಯ ಕರುಳು ಕೀಳುತ್ತ ಕೂತಿದ್ದ ಯೂಶಿಯಾನಳ ಕಡೆ ಬೆರಳು ತೋರಿಸಿದರು. ಒಂದೇ ಬಸಿರಲ್ಲಿ ಗಂಡೊಂದು ಹೆಣ್ಣೊಂದು ಹೆತ್ತವಳು. ಅಲ್ಲಿಯವರೆಗೆ 'ಏಯ್, ಮೂಲೆಯವಳೇ' ಎಂದು ಕರೆಯುತ್ತಿದ್ದ ಬಾವ್‌ಛಿನ್ ಅವಳನ್ನು ತನ್ನ ಕೋಣೆಗೆ ಕರೆಸಿ, ಚರ್ಮದ ಸೋಫಾದಲ್ಲಿ ಕೂರಿಸಿ, 'ತಂಗೀ' ಎಂದಳು. ಆ ಒಂದು ಮಾತಿಗೆ ಯೂಶಿಯಾನಳ ಒಳಗೆ ಏನೋ ಕರಗಿ ಕಾಲಿನವರೆಗೆ ಇಳಿಯಿತು. 'ನಿಮ್ಮಪ್ಪ ಹುಷಾರಾಗಿದಾನೆ ತಾನೆ?' 'ಕಲ್ಲುಗುಂಡು ಇದ್ದ ಹಾಗಿದಾನೆ ಅಕ್ಕ' ಎಂದುಬಿಟ್ಟಳು. ಆಗಲೇ ಅಪ್ಪ ಆಸ್ಪತ್ರೆ ಸೇರಿ ಆಗಿತ್ತು. ಆಮೇಲೆ ಮದುವೆಯ ಕೆಂಪು ರಜಾಯಿಯನ್ನು ಹೊಲಿಯಲು ಕೂತ ಸಂಜೆಗಳಲ್ಲಿ ಅಪ್ಪನ ನೆನಪಾಗಲಿಲ್ಲವೆಂದಲ್ಲ. ಆಗುತ್ತಿತ್ತು, ಆದರೆ ಸೂಜಿ ಚುಚ್ಚಿದಾಗ ಆಗುವಷ್ಟು ಹೊತ್ತು ಮಾತ್ರ. ಹುಟ್ಟಿದಾಗಿನಿಂದ ಯಾರಿಗೂ ಬೇಡವಾಗಿದ್ದವಳನ್ನು ಒಬ್ಬರು ಬೇಕು ಎಂದಿದ್ದರು. ಅದರ ಮುಂದೆ ಉಳಿದದ್ದೆಲ್ಲ ಆಮೇಲೆ ನೋಡಿಕೊಳ್ಳುವ ಕೆಲಸವಾಗಿ ಕಂಡಿತ್ತು.

ಸಿಂಗ್‌ಹಾಯ್ ಚೌಕದಲ್ಲಿ ಮೊದಲ ನಿಲುಗಡೆ. ಎಂಟು ಗಾಡಿಗಳೂ ಸಾಲಾಗಿ ನಿಂತವು. ಏಳು ಕಪ್ಪು ಕಾರುಗಳು, ಕೊನೆಯಲ್ಲಿ ಚಾಂಗ್‌ಶುನ್ ಓಡಿಸುತ್ತಿದ್ದ ಶೆಡ್ಡಿನ ಬಿಳಿ ವ್ಯಾನು. ಅದರಲ್ಲಿ ನೀರಿನ ಬಾಟಲಿ, ಮಡಚುವ ಕುರ್ಚಿ, ಬಣ್ಣದ ಕಾಗದ ಚಿಮ್ಮುವ ಕೊಳವೆಗಳು. ಏಳು ಕಾರು ಸಿಕ್ಕಿದ್ದರಿಂದ, ಜೋಡಿಯಾಗಲಿ ಎಂದು ಬಾವ್‌ಛಿನ್ ವ್ಯಾನನ್ನೂ ಸಾಲಿಗೆ ಸೇರಿಸಿ ಅದರ ಮೂತಿಗೂ ಒಂದು ಹೂವು ಅಂಟಿಸಿದ್ದಳು. ಅವಳು ಎರಡನೆಯ ಕಾರಿನಿಂದ ಇಳಿದು, ಕೈಯಲ್ಲಿ ವಾಕಿಟಾಕಿ ಹಿಡಿದು, ಎಲ್ಲ ಚಾಲಕರಿಗೂ ಕೇಳುವ ಹಾಗೆ ಮತ್ತೊಮ್ಮೆ ಹೇಳಿದಳು: 'ಕಿವಿಗೆ ಹಾಕ್ಕೊಳ್ಳಿ. ಎಂಟು ಅಂದ್ರೆ ಎಂಟು. ನಡುವೆ ಯಾರಾದ್ರೂ ಕಳಚಿಕೊಂಡು ಬೆಸ ಮಾಡಿದ್ರೆ ಅವನ ಚರ್ಮ ಸುಲೀತೀನಿ. ಬಂದ ದಾರೀಲಿ ಹಿಂದಕ್ಕೆ ತಿರುಗೋ ಹಾಗಿಲ್ಲ. ಹನ್ನೆರಡರೊಳಗೆ ಹೋಟ್ಲು ಸೇರ್ಬೇಕು. ಮಧ್ಯಾಹ್ನ ಆದ್ಮೇಲೆ ಬಾಗಿಲು ದಾಟೋದು ಎರಡನೇ ಮದುವೆಯವರು. ನಮ್ಮ ಹುಡುಗನಿಗೆ ಇದು ಮೊದಲ್ನೇದು, ನೆನಪಿರ್ಲಿ.' ಚಾಲಕರು ನಕ್ಕರು. ಕೂದಲನ್ನು ಹಿಂದೆ ಜುಟ್ಟು ಕಟ್ಟಿದ್ದ ಕ್ಯಾಮೆರಾದವನು ಮದುಮಕ್ಕಳನ್ನು ಕಟಕಟೆಯ ಹತ್ತಿರ ನಿಲ್ಲಿಸಿ, 'ಹಿಂದೆ ಸಮುದ್ರ ಇದೆ ಅಂತ ಅಂದ್ಕೊಂಡು ನಗಿ' ಎಂದ. 'ಎಲ್ಲಿದೆ ಸಮುದ್ರ? ಒದ್ದೆ ಬಟ್ಟೆ ಒಣಹಾಕಿದ ಹಾಗಿದೆ' ಎಂದಳು ಜಿಂಗ್ಯಾ. ಯೂಶಿಯಾನ್ ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದಳು. ಬಲಗಾಲಿನ ಕೆಂಪು ಶೂ ನೆಲ ಬಿಟ್ಟು ಏಳುವಾಗ ಬಾಯಿ ತೆರೆದ ಹಾಗೆ ಅಟ್ಟೆ ಜೋತುಬಿತ್ತು. ಬೆಳಿಗ್ಗೆ ಕಾಲಿಗೆ ಹಾಕುವಾಗಲೇ ಕಿತ್ತುಕೊಂಡಿದ್ದ ಅಟ್ಟೆಗೆ ಚಾಂಗ್‌ಶುನ್ ಟಯರಿಗೆ ಹಾಕುವ ಅಂಟು ಬಳಿದು ಕೊಟ್ಟಿದ್ದ. ಅವಳು ಕಾಲನ್ನು ಎತ್ತದೆ ನೆಲದ ಮೇಲೆ ಎಳೆಯುತ್ತ ನಡೆದಳು. ಯಾರೂ ನೋಡಲಿಲ್ಲ ಎಂದುಕೊಂಡಳು. ನೋಡಿದ್ದಾರೆ ಎಂದೂ ಅನ್ನಿಸಿತು. ಎದೆಯ ಹೂವಿನಿಂದ ಹೊಸ ಬಟ್ಟೆಯ ವಾಸನೆ, ಬೆರಳುಗಳಿಂದ ಎಷ್ಟು ಉಜ್ಜಿದರೂ ಹೋಗದ ಕಡಲಸೌತೆಯ ವಾಸನೆ. ಬೆಳಿಗ್ಗೆ ತಲೆ ಬಾಚುವಾಗ ಜಿಂಗ್ಯಾ ಒಮ್ಮೆ ಮೂಗನ್ನು ಕುಗ್ಗಿಸಿದ್ದಳು. ಆ ಮೂಗು ಯೂಶಿಯಾನಳ ಕಣ್ಣ ಮುಂದೆ ಇನ್ನೂ ಹಾಗೇ ಇತ್ತು.

ಗಾಡಿಗಳು ಕಡಲಂಚಿನ ರಸ್ತೆಗೆ ಬಿದ್ದವು. ಫೂಜಿಯಾಜುವಾಂಗ್‌ನ ಮರಳದಂಡೆ ಬಲಕ್ಕೆ ಎಲ್ಲೋ ಇರಬೇಕು, ಅಲೆಯ ಸದ್ದು ಮಾತ್ರ ಬರುತ್ತಿತ್ತು. ಆ ದಂಡೆಗೆ ಅಪ್ಪ ಒಮ್ಮೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದಿದ್ದ. ತಮ್ಮ ಮುಂದಿನ ಕಂಬಿಯ ಮೇಲೆ, ಅವಳು ಹಿಂದೆ. ಅಪ್ಪ ಟ್ರಾಮ್ ಓಡಿಸುತ್ತಿದ್ದವನು. ನಿವೃತ್ತಿಯಾದರೆ ನೌಕರಿ ಮಕ್ಕಳಲ್ಲಿ ಒಬ್ಬರಿಗೆ ಬರುತ್ತಿದ್ದ ಕಾಲ ಅದು. ಮರಳಿನ ಮೇಲೆ ಕೂತು ಬೇಯಿಸಿದ ಚಿಪ್ಪಿನ ಮೀನು ತಿನ್ನುತ್ತ ಅಪ್ಪ ಅವಳ ತಲೆ ಸವರಿ, 'ನೀನು ದೊಡ್ಡವಳು, ನನ್ನ ಟೋಪಿ ನಿನಗೇ' ಎಂದಿದ್ದ. ಅವಳು ಹಳೆಯ ಟೋಪಿ ಹಾಕಿಕೊಂಡು ಕೋಣೆಯ ಬಾಗಿಲಲ್ಲಿ ನಿಂತು ಗಂಟೆ ಬಾರಿಸುವ ಆಟ ಆಡಿದ್ದಳು, ವರ್ಷಗಟ್ಟಲೆ. ಹೊತ್ತು ಬಂದಾಗ ಅಪ್ಪ ಕಚೇರಿಗೆ ಕರೆದುಕೊಂಡು ಹೋದದ್ದು ದೆಲಿನ್‌ನನ್ನು. ಮನೆಗೆ ಬಂದು, ಅವಳ ಮುಖ ನೋಡದೆ, 'ಅವನು ಗಂಡು. ನಿನ್ನನ್ನ ಹೇಗೂ ಯಾರೋ ಕಟ್ಕೊಂಡು ಹೋಗ್ತಾರೆ' ಎಂದು ಬಟ್ಟಲಿಗೆ ಅನ್ನ ಬಡಿಸಿಕೊಂಡ. ಅವತ್ತು ಅವಳೂ ಊಟ ಮಾಡಿದಳು. ಅದೇ ಅವಳಿಗೆ ಇವತ್ತಿಗೂ ಹೇಸಿಗೆ. ಬಟ್ಟಲು ಎಸೆಯಬಹುದಿತ್ತು, ಎದ್ದು ಹೋಗಬಹುದಿತ್ತು. ಇನ್ನೊಂದಿಷ್ಟು ಸೊಪ್ಪು ಬಡಿಸಿಕೊಂಡು ತಿಂದಳು. ಈಗ ಅದೇ ಅಪ್ಪ ಆಮ್ಲಜನಕದ ನಳಿಗೆ ಹಾಕಿಕೊಂಡು ಮಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಟೋಪಿ ಕೊಟ್ಟದ್ದು ಅವನಿಗೆ, ಕರೆಯುವುದು ನನ್ನನ್ನು. 'ನೀನು ನನಗೆ ಒಂದು ಬೆಳಗನ್ನಾದರೂ ಬಿಟ್ಟುಕೊಡು' ಎಂದು ಅವಳು ಮಂಜಿಗೆ ಹೇಳಿದಳು. 'ಸಾಯೋದನ್ನ ಎಷ್ಟೋ ದಿನದಿಂದ ಮುಂದಕ್ಕೆ ಹಾಕ್ತಾ ಬಂದಿದೀಯ. ಇನ್ನೊಂದಿಷ್ಟು ಹೊತ್ತು ಹಾಕು.' ತುಟಿ ಅಲ್ಲಾಡಿತೇನೋ. 'ಏನಾದ್ರೂ ಹೇಳಿದ್ರಾ?' ಎಂದು ಮದುಮಗ ಮುಂದಕ್ಕೆ ಬಾಗಿದ. 'ಏನಿಲ್ಲಪ್ಪ, ಒಳ್ಳೆ ಮಾತು ಹೇಳ್ಕೋತಾ ಇದ್ದೆ' ಎಂದು ಅವಳು ನಕ್ಕಳು.

ಯಾನ್ವೊ ಗುಡ್ಡದ ತಿರುವುಗಳಲ್ಲಿ ಬಿಳಿ ಹೂವಿನ ಮರಗಳು ಮಂಜಿನೊಳಗಿನಿಂದ ಗಮ್ಮೆಂದು ವಾಸನೆ ಹೊಡೆಯುತ್ತಿದ್ದವು. ಅದನ್ನು ಇಳಿದರೆ ತೂಗುಸೇತುವೆ. ಅದನ್ನು ದಾಟದೆ ಈ ಊರಿನಲ್ಲಿ ಯಾರ ಮದುವೆಯೂ ಮುಗಿಯುವುದಿಲ್ಲ. ಇವರ ಸಾಲು ಸೇತುವೆಯ ಈ ತುದಿ ಮುಟ್ಟಿದಾಗ ಎದುರಿನಿಂದ ಹಳದಿ ದೀಪಗಳ ಇನ್ನೊಂದು ಸಾಲು ಮಂಜನ್ನು ಸೀಳಿಕೊಂಡು ಬಂದು ಆ ತುದಿಯಲ್ಲಿ ನಿಂತಿತು. ಅದೂ ಮದುವೆಯೇ. ವಾಕಿಟಾಕಿಯಲ್ಲಿ ಬಾವ್‌ಛಿನ್ ಒಂದು ಬೈಗುಳ ಬೈದು, 'ತಂಗೀ, ಇಳಿ. ಕರವಸ್ತ್ರ ಬದಲಾಯಿಸ್ಕೊಂಡು ಬಾ' ಎಂದಳು. ಎರಡು ಮದುವೆಗಳು ದಾರಿಯಲ್ಲಿ ಎದುರುಬದುರಾದರೆ ಒಂದರ ಭಾಗ್ಯವನ್ನು ಇನ್ನೊಂದು ತಿನ್ನುತ್ತದೆ. ಹಾಗಾಗದಿರಬೇಕಾದರೆ ಎರಡೂ ಕಡೆಯ ತುಂಬುಭಾಗ್ಯದವರು ಮದುಮಗಳ ಕರವಸ್ತ್ರ ಒಯ್ದು ಅದಲುಬದಲು ಮಾಡಿಕೊಳ್ಳಬೇಕು. ಯೂಶಿಯಾನ್ ಜಿಂಗ್ಯಾಳ ಕೈಯಿಂದ ಕೆಂಪು ಕರವಸ್ತ್ರ ತೆಗೆದುಕೊಂಡು, ಕೊಡೆಯನ್ನೂ ಎಲಚಿಹಣ್ಣಿನ ಚೀಲವನ್ನೂ ಒಂದು ತೋಳಿಗೆ ಸಿಕ್ಕಿಸಿಕೊಂಡು ಕಾಲೆಳೆಯುತ್ತ ನಡೆದಳು. ಹಿಂದೆ ಹದಿನಾರು ದೀಪಗಳು, ಮುಂದೆ ಅಷ್ಟೇ ದೀಪಗಳು, ನಡುವೆ ತಾನೊಬ್ಬಳೇ. ಇಷ್ಟು ಜನ ತನ್ನೊಬ್ಬಳಿಗಾಗಿ ಕಾದು ನಿಂತದ್ದು ಈ ಜನ್ಮದಲ್ಲಿ ಇದೇ ಮೊದಲು ಎಂಬುದು ಹೊಳೆದು ಅವಳಿಗೆ ಮೈ ಜುಮ್ಮೆಂದಿತು. ಆ ಕಡೆಯಿಂದ ಬಂದವಳು ಬೆಳ್ಳಿಕೂದಲಿನ ಮುದುಕಿ. ಮೊಮ್ಮಕ್ಕಳನ್ನು ಕಂಡ ಗತ್ತು ಅವಳ ಹೆಜ್ಜೆಯಲ್ಲೇ ಇತ್ತು. ಕರವಸ್ತ್ರ ಕೊಡದೆ ಮೊದಲು ಯೂಶಿಯಾನಳ ಮಣಿಕಟ್ಟು ಹಿಡಿದಳು.

'ಎರಡೂ ಕಡೆ ಹಿರಿಯರು ಇದಾರೆ ತಾನೆ? ಇಲ್ದಿದ್ರೆ ಈಗ್ಲೇ ಹೇಳ್ಬಿಡು ತಾಯಿ. ನಮ್ಮ ಹುಡುಗಿಗೆ ತಟ್ಟುತ್ತೆ.'

'ನಾಲ್ಕೂ ಜನ ಇದಾರೆ ದೊಡ್ಡಮ್ಮ. ಕಲ್ಲುಗುಂಡು ಇದ್ದ ಹಾಗೆ.'

'ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ?'

'ಮಂಜಲ್ವಾ' ಎಂದಳು ಯೂಶಿಯಾನ್. ಮುದುಕಿ ಅವಳ ಮುಖವನ್ನೇ ನೋಡಿ, ಇನ್ನೂ ಏನೋ ಕೇಳಬೇಕೆಂದಿದ್ದವಳು ಹಿಂದಿನಿಂದ ಹಾರನ್ ಕೇಳಿ ಕರವಸ್ತ್ರ ಕೊಟ್ಟು ತಿರುಗಿದಳು. ಕ್ಯಾಮೆರಾದವನು ಓಡಿಬಂದು, 'ಅಮ್ಮಾ, ಮಂಜಲ್ಲಿ ಮುಖಾನೇ ಬರ್ಲಿಲ್ಲ. ಇನ್ನೊಂದ್ಸಲ ಬನ್ನಿ. ಕರವಸ್ತ್ರ ಮೇಲೆ ಎತ್ತಿ, ಜೋರಾಗಿ ನಗಿ' ಎಂದ. ಅವಳು ನಕ್ಕಳು. 'ಇನ್ನೂ ಜೋರಾಗಿ. ಸದ್ದು ಬರ್ಬೇಕು.' ಅವಳು ಕರವಸ್ತ್ರವನ್ನು ತಲೆಯ ಮೇಲೆ ಬೀಸುತ್ತ, ಶೆಡ್ಡಿನ ಹೆಂಗಸರು ಹೊಲಸು ಮಾತು ಕೇಳಿ ನಗುವ ಹಾಗೆ ಗಹಗಹಿಸಿ ನಕ್ಕಳು. ಸೇತುವೆ ಕಾಲಡಿಯಲ್ಲಿ ಮೆಲ್ಲಗೆ ತೂಗಿತು. ನಗುತ್ತಲೇ ಅವಳು ಕಂಡದ್ದು, ಸಾಲಿನ ಕೊನೆಯಿಂದ ಚಾಂಗ್‌ಶುನ್ ಫೋನನ್ನು ಕಿವಿಯಿಂದ ತೆಗೆಯುತ್ತ ಬಾವ್‌ಛಿನ್‌ಳ ಕಾರಿನವರೆಗೆ ನಡೆದು ಬಂದದ್ದನ್ನು. ಅವನು ಬಗ್ಗಿ ಏನೋ ಹೇಳಿದ. ಬಾವ್‌ಛಿನ್ ಕಾರಿನಿಂದ ಇಳಿದಳು. ಇಳಿದು ಯೂಶಿಯಾನಳ ಮುಖ ನೋಡಿದಳು, ಎದೆಯ ಹೂವು ನೋಡಿದಳು, ಆಮೇಲೆ ಕಣ್ಣು ಮೆಲ್ಲಗೆ ಇಳಿದು ಅವಳ ಬಲಗಾಲಿನ ಹತ್ತಿರ ನಿಂತಿತು. ಅಲ್ಲಿ ಅಟ್ಟೆ ನಾಲಗೆಯ ಹಾಗೆ ಹೊರಗೆ ಬಿದ್ದಿತ್ತು.

'ತಂಗೀ, ನೀನು ಎಂಟನೇ ಗಾಡಿಗೆ ಹೋಗು' ಎಂದಳು ಬಾವ್‌ಛಿನ್. ದನಿ ಜೇನಿನ ಹಾಗಿತ್ತು. 'ಜಿಂಗ್ಯಾಗೆ ಇಕ್ಕಟ್ಟಾಗ್ತಿದೆಯಂತೆ.'

'ನಾನು ಮುಂದೆ ತಾನೆ ಅಕ್ಕ ಕೂತಿರೋದು. ಅವ್ರು ಹಿಂದೆ.'

'ಹೇಳಿದ್ದು ಕೇಳ್ಬೇಕು.' ಬಾವ್‌ಛಿನ್ ಬದಲಾದ ಕರವಸ್ತ್ರವನ್ನು ಎರಡು ಬೆರಳಿನ ತುದಿಯಲ್ಲಿ ತೆಗೆದುಕೊಂಡಳು. ಆಮೇಲೆ ತನ್ನ ಕೈಚೀಲದಿಂದ ಒಂದು ಕಾಗದದ ಕರವಸ್ತ್ರ ಎಳೆದು, ಕೊಡೆಯ ಹಿಡಿಗೆ ಸುತ್ತಿ, ಅದನ್ನೂ ತೆಗೆದುಕೊಂಡು ನೇರಳೆ ಕೋಟು ಹಾಕಿದ್ದ, ತನ್ನ ಬಳಗದ ಇನ್ನೊಬ್ಬ ಹೆಂಗಸಿನ ಕೈಗೆ ಕೊಟ್ಟಳು. ಎಲಚಿಹಣ್ಣಿನ ಚೀಲಕ್ಕೆ ಕೈ ಚಾಚಲೇ ಇಲ್ಲ. 'ಅದು ನಿನ್ನ ಹತ್ರಾನೇ ಇರ್ಲಿ' ಎಂದಳು. ಆ ಕಾಗದವನ್ನು ಯೂಶಿಯಾನ್ ನೋಡಿದಳು. ಶೆಡ್ಡಿನಲ್ಲಿ ತಾವು ತೆಗೆದ ಕರುಳಿನ ಬಕೀಟನ್ನು ಬಾವ್‌ಛಿನ್ ಸರಿಸಬೇಕಾದಾಗ ಹೀಗೇ ಕಾಗದ ಸುತ್ತಿ ಹಿಡಿಯುತ್ತಿದ್ದಳು. ಏಳು ಗಾಡಿಗಳ ಪಕ್ಕದಲ್ಲಿ, ಏಳು ಗಾಡಿಗಳ ಕಿಟಕಿಯ ಮುಖಗಳ ಮುಂದೆ, ಅವಳು ಕೊನೆಯವರೆಗೆ ನಡೆದಳು. ಈಗ ಕಾಲೆಳೆಯುವ ಗೊಡವೆಗೂ ಹೋಗಲಿಲ್ಲ. ಅಟ್ಟೆ ಪ್ರತಿ ಹೆಜ್ಜೆಗೂ ಚಟ್ ಚಟ್ ಎಂದು ಹೊಡೆದುಕೊಂಡಿತು.

ವ್ಯಾನಿನಲ್ಲಿ ಅವಳು ಕೂತ ಮೇಲೂ ಚಾಂಗ್‌ಶುನ್ ಅವಳ ಕಡೆ ತಿರುಗಲಿಲ್ಲ. ಸಾಲು ಹೊರಟಿತು. ಹಿಂದೆ ಕುರ್ಚಿಗಳು ಕಟಕಟ ಎಂದವು.

'ನಿನ್ನ ಹತ್ರ ಏನಂದ್ಲು?' ಎಂದಳು.

'ಯಾರು?'

'ನಿಮ್ಮಜ್ಜಿ. ಇನ್ಯಾರು? ಬಾವ್‌ಛಿನ್. ಹೋಗಿ ಬಗ್ಗಿ ಬಗ್ಗಿ ಮಾತಾಡ್ತಿದ್ದೆಯಲ್ಲ.'

'ಗಾಡಿ ವಿಷ್ಯ. ಏನಿಲ್ಲ.'

'ಶೂ ನೋಡಿದ್ಲು. ನಾನು ಕಣ್ಣಾರೆ ಕಂಡೆ. ಎಷ್ಟು ಹೇಳ್ದೆ ನಿನಗೆ, ಆ ದರಿದ್ರ ಅಂಟು ಹಾಕ್ಬೇಡ, ದಾರ ಹಾಕಿ ಹೊಲಿ ಅಂತ? ಟಯರಿಗೆ ಹಾಕೋದು ಹೆಂಡ್ತಿ ಕಾಲಿಗೂ ಹಾಕಿದ್ಯಲ್ಲ, ನಿನ್ನ ಬುದ್ಧಿಗಿಷ್ಟು. ಇಡೀ ಊರಿನ ಮುಂದೆ ಮಾನ ಹೋಯ್ತು.'

'ಹೂಂ.'

'ಏನು ಹೂಂ? ಕೈ ವಾಸನೆ ಅಂತ ಕೊಡೆಗೆ ಕಾಗದ ಸುತ್ತಿ ಹಿಡಿದ್ಲು. ಅವಳ ಮನೆ ಅನ್ನ ಬೇಯೋದೇ ಈ ವಾಸನೆಯಿಂದ, ಅವಳಿಗೆ ಇದು ಗಬ್ಬು.'

ಚಾಂಗ್‌ಶುನ್ ಬಾಯಿ ತೆರೆದ. ಅಷ್ಟರಲ್ಲಿ ಕನ್ನಡಿಯ ಕೆಳಗೆ ತೂಗುಬಿದ್ದಿದ್ದ ವಾಕಿಟಾಕಿ ಗರಗರ ಎಂದು ಬಾವ್‌ಛಿನ್‌ಳ ದನಿಯಲ್ಲಿ, 'ಎಂಟನೇ ಗಾಡಿ, ಇದೀಯಾ?' ಎಂದಿತು. 'ಇದೀನಿ' ಎಂದ ಅವನು. ಬಾಯಿ ಮುಚ್ಚಿದ. ಹೆದರುಪುಕ್ಕಲ, ಯಜಮಾನಿಯ ದನಿ ಕೇಳಿದರೆ ಚಡ್ಡಿ ಒದ್ದೆ ಮಾಡಿಕೊಳ್ಳುವ ಜಾತಿ ಎಂದು ಅವಳು ಮನಸ್ಸಿನಲ್ಲೇ ಬೈದಳು. ಅವನು ಒಂದು ಕೈಯಿಂದ ಜೇಬು ತಡಕಿ ಬೇಯಿಸಿದ ಮೊಟ್ಟೆಯೊಂದನ್ನು ತೆಗೆದು ಅವಳ ಕಡೆ ಚಾಚಿದ. ಮದುವೆಗೆ ಕೆಂಪು ಬಣ್ಣ ಬಳಿದ ಮೊಟ್ಟೆ. 'ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಇವತ್ತು ಇಡೀ ದಿನ ಆಗುತ್ತೆ. ತಿನ್ನು' ಎಂದ. ಮದುವೆಯಾದಾಗಿನಿಂದ ಅವನು ಅವಳು ತಿಂದಳೋ ಇಲ್ಲವೋ ಎಂದು ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಇವನಿಗೂ ನನ್ನ ಮೇಲೆ ಕನಿಕರ ಬಂತಲ್ಲ ಎಂದು ಅವಳಿಗೆ ಇನ್ನಷ್ಟು ಉರಿಯಿತು. ಆದರೂ ಸುಲಿದು ತಿಂದಳು. ಕೆಂಪು ಬಣ್ಣ ಬೆರಳಿಗೆಲ್ಲ ಹತ್ತಿತು. 'ಎಲ್ಲಾದ್ರೂ ಸ್ವಲ್ಪ ನಿಲ್ಸು. ಶೂಗೆ ದಾರ ಸುತ್ಕೋತೀನಿ, ಹೋಟ್ಲಲ್ಲಿ ಹಾಸಿಗೆ ಹಾಸೋಕೆ ಕರೆದ್ರೆ ಹೋಗ್ಬೇಕಲ್ಲ' ಎಂದಳು. 'ನಿಲ್ಸೋ ಹಾಗಿಲ್ಲ' ಎಂದ ಅವನು. 'ನಾವು ಕಳಚಿಕೊಂಡ್ರೆ ಏಳಾಗುತ್ತೆ.' ಆ ಮಾತನ್ನು ಅವನು ಅವಳಿಗೆ ಹೇಳಿದಂತಿರಲಿಲ್ಲ. ರಸ್ತೆಗೆ ಹೇಳಿ, ಮತ್ತೊಮ್ಮೆ ತನಗೆ ಹೇಳಿಕೊಂಡ: 'ಏಳಾಗುತ್ತೆ ಅಂತಾಳೆ.'

ಹುಲಿತೀರ ಬಂತು. ದೊಡ್ಡ ಬಿಳಿ ಕಲ್ಲಿನ ಹುಲಿಗಳು ಮಂಜಿನಲ್ಲಿ ಒಂದರ ಹಿಂಭಾಗ, ಇನ್ನೊಂದರ ಪಂಜ ಎಂದು ತುಂಡುತುಂಡಾಗಿ ಕಂಡು ಹೋದವು. ಕ್ಯಾಮೆರಾದವನು ಮತ್ತೆ ಎಲ್ಲರನ್ನೂ ಇಳಿಸಿದ. ನೇರಳೆ ಕೋಟಿನವಳು ಕೊಡೆ ಹಿಡಿದು ನಕ್ಕಳು. ಯೂಶಿಯಾನ್ ವ್ಯಾನಿನಿಂದ ಅವಳ ನಗುವನ್ನೇ ನೋಡಿದಳು. ಹಲ್ಲು ತೋರಿಸುತ್ತಾಳೆ, ಕಣ್ಣು ನಗುವುದಿಲ್ಲ, ಇದು ನಗುವೇ? ನಾನು ಸೇತುವೆಯ ಮೇಲೆ ಎಷ್ಟು ಚೆನ್ನಾಗಿ ನಕ್ಕಿದ್ದೆ. ಗಂಡನಿಗೆ ಈಗಲಾದರೂ ಅಪ್ಪನ ವಿಷಯ ಹೇಳಿಬಿಡಲೇ ಎಂದು ಗಂಟಲಿನವರೆಗೆ ಬಂತು. ಹೇಳಿದರೆ ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ. ಕೇಳಿದರೆ ಏನು ಹೇಳುವುದು? ಮುಂದಿನ ಸೀಟಿನಲ್ಲಿ ಕೂರಬೇಕಿತ್ತು ಎಂದೇ? ಆ ಸೀಟೂ ಹೋಯಿತಲ್ಲ. ಅಪ್ಪ ಅಷ್ಟು ದೂರದಲ್ಲಿ ನಳಿಗೆಯೊಳಗಿನಿಂದ ಉಸಿರನ್ನು ಎಳೆದೂ ಎಳೆದೂ ಹಿಡಿದುಕೊಂಡಿರುತ್ತಾನೆ. ಯಾರಿಗೋಸ್ಕರ? ಕುರ್ಚಿ ಬಾಟಲಿಗಳ ಜೊತೆ ಕೂತವಳ ಭಾಗ್ಯ ತುಂಬಿದ್ದರೆಷ್ಟು, ಬಿಟ್ಟರೆಷ್ಟು? ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಒಳಗೇ ಸುತ್ತಾಡಿ, ಕೊನೆಗೆ ಹಳೆಯ ಜಾಗವನ್ನು ಹುಡುಕಿಕೊಂಡು ಅಪ್ಪನ ಮೇಲೆಯೇ ಹೋಗಿ ಕೂತಿತು. ಟೋಪಿಯನ್ನು ಅವತ್ತು ಕೊಟ್ಟಿದ್ದರೆ ಇವತ್ತು ಈ ಕೈಗೆ ವಾಸನೆ ಇರುತ್ತಿರಲಿಲ್ಲ, ಕಾಲಿಗೆ ಇಂಥ ಶೂ ಇರುತ್ತಿರಲಿಲ್ಲ. 'ಸಾಕು, ಹೋಗು ಹಾಗಾದ್ರೆ' ಎಂದು ಅವಳು ಅಪ್ಪನಿಗೆ ಹೇಳಿದಳು. 'ಇನ್ನು ಸತ್ತರೂ ನಂಗೇನೂ ಆಗ್ಬೇಕಾಗಿಲ್ಲ.' ಹೇಳಿ, ಹೇಳಿದ್ದಕ್ಕೆ ಹೆದರಿ, ಕೆಂಪು ಹತ್ತಿದ ಬೆರಳುಗಳನ್ನು ಲಂಗಕ್ಕೆ ಒರೆಸಿಕೊಂಡಳು.

'ಎಂಟನೇ ಗಾಡಿ, ಇದೀಯಾ?'

'ಇದೀನಿ.'

ಬಂದರಿನ ಪಕ್ಕದ ಹೋಟೆಲಿನ ಮುಂದೆ ಗಾಡಿಗಳು ನಿಂತಾಗ ಹನ್ನೆರಡಕ್ಕೆ ಇನ್ನೂ ಹೊತ್ತಿತ್ತು. ಬಣ್ಣದ ಕಾಗದಗಳು ಚಿಮ್ಮಿದವು. ಮದುಮಗ ಮದುಮಗಳನ್ನು ಎತ್ತಿಕೊಂಡು ಬಾಗಿಲು ದಾಟಿದ, ಜನ ಹೋ ಎಂದರು. ವ್ಯಾನನ್ನು ಹಿಂದುಗಡೆ, ಅಡುಗೆಮನೆಯ ಹೊಗೆ ಬರುವ ಕಡೆ ನಿಲ್ಲಿಸಬೇಕೆಂದು ಅಪ್ಪಣೆಯಾಗಿತ್ತು. ಯೂಶಿಯಾನ್ ಇಳಿಯಲು ಹೋದರೆ ಚಾಂಗ್‌ಶುನ್ ಅವಳ ತೋಳು ಹಿಡಿದು, 'ಸ್ವಲ್ಪ ತಡಿ. ಅವಳೇ ಬರ್ತಾಳಂತೆ' ಎಂದ. ಅವಳು ಎಲಚಿಹಣ್ಣಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಬರುತ್ತಾಳೆ ಎಂದರೆ ಕರೆಯಲೇ ಬರುತ್ತಾಳೆ. ಹಾಸಿಗೆ ಹಾಸಲು ಬೇರೆ ಯಾರಿದ್ದಾರೆ? ನೇರಳೆ ಕೋಟಿನವಳಿಗೆ ಇರುವುದು ಒಬ್ಬಳೇ ಮಗಳು. ಅವಳು ತಲೆಗೂದಲನ್ನು ಒದ್ದೆ ಬೆರಳಿನಿಂದ ತೀಡಿಕೊಂಡಳು, ನಗುವನ್ನು ಮತ್ತೆ ಜೋಡಿಸಿಕೊಂಡಳು. ಒಳಗೆ ಹನ್ನೆರಡರ ಗಂಟೆ ಹೊಡೆದು ಚಪ್ಪಾಳೆ ಕೇಳಿದ ಮೇಲೆ ಬಾವ್‌ಛಿನ್ ಹಿಂಬಾಗಿಲಿನಿಂದ ಬಂದಳು. ವ್ಯಾನಿನಿಂದ ನಾಲ್ಕು ಮಾರು ದೂರದಲ್ಲೇ ನಿಂತಳು.

'ಇಳೀಬೇಡ ತಂಗೀ, ಅಲ್ಲೇ ಕೂತ್ಕೋ. ನಿಮ್ಮಪ್ಪ ಹೋಗ್ಬಿಟ್ಟ.'

ಯೂಶಿಯಾನ್ ನಗುತ್ತಲೇ ಇದ್ದಳು. ಮುಖಕ್ಕೆ ಬೇರೆ ಏನು ಮಾಡಬೇಕೆಂದು ತಿಳಿದಿರಲಿಲ್ಲ.

'ನಾವು ಸೇತುವೆ ಹತ್ರ ಇದ್ದಾಗ್ಲೇ ನಿನ್ನ ತಮ್ಮ ಇವನಿಗೆ ಫೋನ್ ಮಾಡಿದ್ದ. ನಾನೇ ಹೇಳ್ಬೇಡ ಅಂದೆ. ನೀನು ದಾರೀಲಿ ಅತ್ರೆ ನಮ್ಮ ಹುಡುಗಿ ಗತಿ ಏನು ಹೇಳು. ನನ್ನ ಜಾಗದಲ್ಲಿ ನೀನಿದ್ರೂ ಅಷ್ಟೇ ಮಾಡ್ತಿದ್ದೆ.' ಆಮೇಲೆ ದನಿ ತಗ್ಗಿಸಿ, 'ಬೆಳಿಗ್ಗೆ ತಲೆ ಬಾಚೋವಾಗ ನಿಂಗೆ ಏನೂ ಗೊತ್ತಿರ್ಲಿಲ್ಲ ತಾನೆ?' ಎಂದಳು.

'ಇಲ್ಲ ಅಕ್ಕ.'

'ಸರಿ ಬಿಡು. ಆ ಹೂವು ತೆಗೆದುಬಿಡು, ಸಾವಿನ ಮನೆಗೆ ಕೆಂಪು ಹಾಕ್ಕೊಂಡು ಹೋಗ್ಬಾರ್ದು. ಇಲ್ಲಿ ಅಳ್ಬೇಡ, ಗೇಟ್ ದಾಟಿದ ಮೇಲೆ ಅಳು. ನೀನು ಹೊಲಿದ ರಜಾಯಿ ಸಂಜೆ ಕಳಿಸಿಕೊಡ್ತೀನಿ, ನಿಮ್ಗೇ ಆಗುತ್ತೆ.' ಬಾವ್‌ಛಿನ್ ತಿರುಗಿ ಒಳಗೆ ಹೋದಳು. ಬಾಗಿಲು ತೆರೆದಾಗ ಬೆಳ್ಳುಳ್ಳಿ ಹಾಕಿ ಹುರಿದ ಸಿಗಡಿಯ ವಾಸನೆ ಒಮ್ಮೆ ಹೊರಗೆ ಬಂತು.

ಚಾಂಗ್‌ಶುನ್ ವ್ಯಾನಿನ ಮೂತಿಯಿಂದ ಹೂವನ್ನು ಕಿತ್ತು ಚರಂಡಿಗೆ ಎಸೆದು ಬಂದು ಕೂತ. 'ಕಡಲ ರಸ್ತೇಲೇ ಹೋಗ್ಲಾ? ಊರೊಳಗೆ ಗಾಡಿ ಜಾಸ್ತಿ' ಎಂದ. ಈಗ ಬಂದ ದಾರಿಯಲ್ಲಿ ಹಿಂದಿರುಗಬಾರದು ಎಂಬ ನಿಯಮವಿರಲಿಲ್ಲ. ಗೇಟ್ ದಾಟಿದಾಗ ಅವನು ಅವಳ ಕಡೆ ನೋಡಿದ, ಅಳಲಿ ಎಂದು ಕಾದ. ಅವಳು ಅಳಲಿಲ್ಲ. ಚೀಲದ ತಳದಿಂದ ಫೋನು ತೆಗೆದು ಕೈಯಲ್ಲಿ ಹಿಡಿದಿದ್ದಳು, ಹೊತ್ತಿಸಿರಲಿಲ್ಲ. 'ನಿನ್ನ ತಮ್ಮ ಬೆಳಿಗ್ಗೇನೇ ಫೋನ್ ಮಾಡಿದ್ನಂತೆ ನಿಂಗೆ' ಎಂದ ಅವನು. ಬೈಗುಳವಾಗಿ ಹೇಳಲಿಲ್ಲ. 'ಹೂಂ' ಎಂದಳು. ಅವನೂ ಹೇಳದೆ ಅರ್ಧ ಊರು ಸುತ್ತಿಸಿದವನೇ ಆಗಿದ್ದರಿಂದ ಬೈಯಲು ಅವನಿಗೂ ಬಾಯಿ ಇರಲಿಲ್ಲ. ಮಂಜು ಹರಿದಿತ್ತು. ಹುಲಿತೀರದಲ್ಲಿ ಕಲ್ಲಿನ ಹುಲಿಗಳು ಇಡಿಯಾಗಿ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು. ತೂಗುಸೇತುವೆ ಉದ್ದಕ್ಕೂ ಕಂಡಿತು, ಅದರ ಕೆಳಗೆ ಬೆಳಗಿನಿಂದ ಎಲ್ಲಿ ಅಡಗಿತ್ತೋ ಅನ್ನುವ ಹಾಗೆ ಸಮುದ್ರ, ನೀಲಿಯಾಗಿ, ಅಗಾಧವಾಗಿ, ದೋಣಿಗಳ ಸಮೇತ. ಸೇತುವೆಯ ನಡುವೆ, ತಾನು ಕರವಸ್ತ್ರ ಬೀಸಿ ನಕ್ಕ ಜಾಗವನ್ನು ಗಾಡಿ ದಾಟುವಾಗ, ಆ ನಗುವಿನ ಹೊತ್ತಿನಲ್ಲೇ ಅಪ್ಪ ಹೋಗಿರಬೇಕು ಎಂದು ಅವಳು ಯೋಚಿಸಲು ಹೊರಟಳು. ಯೋಚನೆ ಅಲ್ಲಿಯವರೆಗೆ ಹೋಗಲಿಲ್ಲ, ನಡುದಾರಿಯಲ್ಲೇ ಇನ್ನೊಂದು ಮಾತು ಅಡ್ಡ ಬಂತು. ಅದನ್ನು ತಡೆಯಬೇಕೆಂದು ಅವಳಿಗೆ ತಿಳಿಯಿತು. ತಡೆಯುವಷ್ಟರಲ್ಲಿ ಬಾಯಿಗೆ ಬಂದಾಗಿತ್ತು.

'ಹಾಗಾದ್ರೆ ಶೂಗಲ್ಲ' ಎಂದಳು.

'ಏನು?'

'ಅವಳು ನನ್ನನ್ನ ಇಳಿಸಿದ್ದು. ಶೂ ನೋಡಿ ಅಲ್ಲ. ಕೈ ವಾಸನೆಗೂ ಅಲ್ಲ.'

ಚಾಂಗ್‌ಶುನ್ ರಸ್ತೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಎದುರಿನ ಬಸ್ಸಿನವನು ಹಾರನ್ ಬಡಿಯಬೇಕಾಯಿತು.

'ಹೇಳು, ಅದಕ್ಕಲ್ಲ ತಾನೆ?'

'ಅಲ್ಲ' ಎಂದ ಅವನು.

ಯೂಶಿಯಾನ್ ಸೀಟಿಗೆ ಒರಗಿ, ಕಿತ್ತುಹೋದ ಶೂವನ್ನು ಕಾಲಿನಿಂದ ಜಾರಿಸಿ, ಕಿಟಕಿಯ ಗಾಜು ಇಳಿಸಿದಳು. ಕಡಲ ಗಾಳಿ ಒಳಗೆ ಬಂತು. ಬೆಳಗಿನಿಂದ ಮೊದಲ ಸಲ ಅವಳು ಎದೆ ತುಂಬ ಉಸಿರು ಎಳೆದುಕೊಂಡಳು.